ಒಳಗೆ ಕೆಲಸ ನಡೆದಿದೆ

ನಾನು ಅಡುಗೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮುಖ ಸಣ್ಣದು ಮಾಡಿಕೊಳ್ಳುವುದು ಬೇಡ. ಕರ್ಕಿಯ ಹೊಳೆದಂಡೆಯಲ್ಲಿರುವ ಬಂಡಸಾಲೆ ಮನೆಯಲ್ಲಿ ನಾಲ್ಕು ವರ್ಷದಿಂದ ಅನ್ನ ಬೇಯಿಸುತ್ತಿದ್ದೇನೆ. ಹಿಂದೆ ಮಚವೆ ದೋಣಿಗಳಲ್ಲಿ ಬಂದ ಉಪ್ಪು, ಅಕ್ಕಿಯನ್ನು ಕೆಳಗೆ ತುಂಬಿಸಿಟ್ಟು ವ್ಯಾಪಾರದ ಕುಟುಂಬ ಮೇಲೆ ವಾಸವಾಗಿದ್ದ ಮನೆ ಅದು. ನೂರೈವತ್ತು ವರ್ಷ ದಾಟಿದೆಯಂತೆ. ಈಗಿನ ವಾರಸುದಾರರಾದ ಸುಧಾಕರ ಶಾನಭಾಗರು ಕುಮಟೆಯಲ್ಲಿದ್ದಾರೆ. ಮನೆಯನ್ನು ಒಂದು ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದಾರೆ. ಟ್ರಸ್ಟಿನವರು ಬರೆಯುವವರನ್ನೂ ಚಿತ್ರ ಬಿಡಿಸುವವರನ್ನೂ ಆರಿಸಿ ಕರೆದು, ಒಂದು ತಿಂಗಳು ಇಲ್ಲಿ ಇಟ್ಟುಕೊಂಡು, ಹೊತ್ತುಹೊತ್ತಿಗೆ ಉಣ್ಣಿಸಿ ಕಳಿಸುತ್ತಾರೆ. ಉಣ್ಣಿಸುವುದು ಅಂದರೆ ನಾನು.

ಮಾಳಿಗೆಯಲ್ಲಿ ಮೂರು ಕೋಣೆ. ಪ್ರತಿ ಬಾಗಿಲಿಗೂ ಒಂದೊಂದು ಮರದ ಹಲಗೆ ಕೊಟ್ಟಿದ್ದಾರೆ, ಅದರ ಮೇಲೆ "ಒಳಗೆ ಕೆಲಸ ನಡೆದಿದೆ" ಎಂದು ಬರೆದಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಆ ಹಲಗೆ ತೂಗಿದ ಬಾಗಿಲನ್ನು ಯಾರೂ ಬಡಿಯುವ ಹಾಗಿಲ್ಲ. ಮನೆಯ ಉಸ್ತುವಾರಿಯ ಅರ್ಚನಾ ಮೇಡಂ, ಬೆಂಗಳೂರಿನವರು, ನನಗೆ ಮೊದಲ ದಿನವೇ ಇದನ್ನು ಎರಡೆರಡು ಸಲ ಹೇಳಿದ್ದರು. ಒಮ್ಮೆ ಧಾರವಾಡದ ಕವಿಯೊಬ್ಬರು ಹಲಗೆ ತೂಗಿಸಿ ಒಳಗೆ ಗೊರಕೆ ಹೊಡೆಯುತ್ತಿದ್ದರು. ನಾನು ಚಹಾವನ್ನು ಹೊಸ್ತಿಲಲ್ಲಿಟ್ಟು ಸದ್ದಾಗದಂತೆ ಇಳಿದು ಬಂದೆ. ಗೊರಕೆಯೂ ಸಾಹಿತ್ಯವೇ ಇರಬೇಕು, ನನಗೇನು ಗೊತ್ತು!

ನಾನೂ ಬರೆಯುತ್ತೇನೆ. ನನ್ನ ಮಗಳು ಅಂಕಿತಾ ಹೊನ್ನಾವರದ ಕಾಲೇಜಿಗೆ ಹೋಗುತ್ತಾಳೆ. ಅವಳ ಹಳೆಯ ನೋಟುಬುಕ್ಕುಗಳಲ್ಲಿ ಉಳಿದ ಹಾಳೆಗಳು ನನ್ನವು. ನನ್ನ ಆಯಿ, ಅಂದರೆ ಅಮ್ಮ, ಮೂವತ್ತು ವರ್ಷ ಮೀನುಬುಟ್ಟಿ ಹೊತ್ತು ಊರೂರು ತಿರುಗಿದಳು. ಅವಳದ್ದು ನಲವತ್ತಾರು ಮನೆಗಳ ವರ್ತನೆ, ತಪ್ಪದೆ ಅವಳಿಂದಲೇ ಮೀನು ಕೊಳ್ಳುವ ಮನೆಗಳು. ಅಂದರೆ ನಲವತ್ತಾರು ಹಿತ್ತಲ ಬಾಗಿಲು, ಮೀನಿನವಳಿಗೆ ಮುಂಬಾಗಿಲು ಎಲ್ಲಿಂದ ಬರಬೇಕು? ಯಾವ ಮನೆಯ ಸೊಸೆ ಬಸುರಿ, ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರು, ಯಾರು ದುಬಾರಿ ಶೆಟ್ಲಿ ಸಿಗಡಿ ಬಿಟ್ಟು ಅಗ್ಗದ ಬಂಗಡೆಗೆ ಇಳಿದರು, ಎಲ್ಲವೂ ಅವಳಿಗೆ ಹಿತ್ತಲಿನಿಂದಲೇ ತಿಳಿಯುತ್ತಿತ್ತು. ಅಕ್ಷರ ಬಾರದ ಆಯಿ ಅದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದಳು. ರಜೆಯಲ್ಲಿ ಅವಳ ಹಿಂದೆ ತಿರುಗಿದವಳು ನಾನು.

ಎರಡು ವರ್ಷದ ಹಿಂದೆ ಆಯಿ ತೀರಿಕೊಂಡಳು. ಒಂದು ಬಾಗಿಲಿಗೆ ಒಂದು ಅಧ್ಯಾಯ ಎಂದು ಬರೆಯಲು ಕೂತೆ. ಹನ್ನೊಂದು ಬಾಗಿಲು ಮುಗಿದವು. ಉಳಿದವು ನನ್ನ ತಲೆಯಿಂದಲೂ ಜಾರತೊಡಗಿದ್ದವು. ಅನ್ನ ಬಸಿಯುವಾಗ ನೆನಪಾದ ಮಾತು ಪಾತ್ರೆ ತೊಳೆಯುವ ಹೊತ್ತಿಗೆ ಇರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ತಿಂಗಳು ಮತ್ತು ಒಂದು ಮುಚ್ಚಿದ ಬಾಗಿಲು. ಅಂಕಿತಾ ನನ್ನ ಮೂರು ಅಧ್ಯಾಯಗಳನ್ನು ಮೊಬೈಲಿನಲ್ಲಿ ಕುಟ್ಟಿ ಟ್ರಸ್ಟಿಗೆ ಅರ್ಜಿ ಹಾಕಿದಳು.

ಅಲ್ಲಿ ಹೆಸರು ಮುಚ್ಚಿಟ್ಟು ಆರಿಸುತ್ತಾರೆ. ಫಲಿತಾಂಶ ಬಂದ ದಿನ ಅರ್ಚನಾ ಮೇಡಂ ಫೋನು ಹಿಡಿದು ಅಡುಗೆಮನೆಗೇ ಓಡಿ ಬಂದರು.

"ದುರ್ಗಿ, ಈ ದುರ್ಗಿ ಹರಿಕಂತ್ರ ಅನ್ನೋದು ನೀವೇನಾ?"

ಹೌದು ಎಂದೆ. ಅವರು ನನ್ನನ್ನು ತಬ್ಬಿಕೊಂಡರು. ಕೈಯೆಲ್ಲ ಮಸಾಲೆ ಆಗಿದ್ದರಿಂದ ಅವರನ್ನು ತಿರುಗಿ ತಬ್ಬಲಾಗದೆ ಎರಡೂ ಕೈ ಮೇಲೆತ್ತಿಕೊಂಡು ಅತ್ತೆ. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಗಂಡ ಮೋಹನ ಕೇಳಿಸಿಕೊಂಡರೂ ಚಿಂತೆಯಿಲ್ಲ. ಅಳು ನಿಂತ ಮೇಲೆ ಮೇಡಂ ಮೆಲ್ಲಗೆ ಕೇಳಿದರು.

"ಆದ್ರೆ ಆ ತಿಂಗಳು ಅಡುಗೆ?"

"ನಾ ಮಾಡೂದಿಲ್ಲ ಮೇಡಂ."

"ಬೆಳಿಗ್ಗೆ, ಸಂಜೆ ಮಾತ್ರ ಮಾಡಿ. ಮಧ್ಯೆ ಆರಾಮಾಗಿ ಬರೀರಿ. ಉಗ್ರಾಣದಲ್ಲೇ ಒಂದು ಟೇಬಲ್ ಹಾಕಿಸಿಕೊಡ್ತೀನಿ."

"ಐದನೇ ನಿಯಮ ಎಂತ ಹೇಳ್ತದೆ?"

ಆ ನಿಯಮಗಳ ಹಾಳೆಯನ್ನು ನಾಲ್ಕು ವರ್ಷ ಪ್ರತಿ ಹಾಸಿಗೆಯ ಮೇಲೆ ಇಟ್ಟವಳು ನಾನೇ. ಆಯ್ಕೆಯಾದವರು ಮಾಳಿಗೆಯ ಕೋಣೆಯಲ್ಲಿಯೇ ಉಳಿಯತಕ್ಕದ್ದು, ಮನೆಯ ಯಾವ ಕೆಲಸವನ್ನೂ ಅವರಿಂದ ಮಾಡಿಸತಕ್ಕದ್ದಲ್ಲ. ಉಗ್ರಾಣದ ಮಾತು ಅದರಲ್ಲಿ ಎಲ್ಲಿಯೂ ಇಲ್ಲ.

"ಹೊಸಬರನ್ನ ಇಟ್ಟುಕೊಂಡ್ರೆ, ತಿಂಗಳಾದ ಮೇಲೆ ಅವರನ್ನ ಹೋಗಿ ಅನ್ನೋಕಾಗಲ್ಲ ಅಲ್ವಾ? ಯೋಚನೆ ಮಾಡಿ ದುರ್ಗಿ," ಎಂದರು. ಪ್ರೀತಿಯಿಂದಲೇ ಅಂದರು. ಅದು ಬೆದರಿಕೆ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಾಯಿತು.

"ಯೋಚನೆ ಮಾಡಿ ಆತು," ಎಂದೆ.

ಮನೆಯಲ್ಲಿ ಮೋಹನನದು ಬೇರೆ ರಾಗ. ಅವನು ಬೋಟಿನ ಕೆಲಸದವನು.

"ಮನೆ ಇಲ್ಲೇ ಹತ್ತು ಮಿನಿಟು. ಅಲ್ಲಿ ಹೋಗಿ ಮಲಗೂಕೆ ಎಂತಕೆ?"

"ನೀವು ಬೋಟು ಹತ್ತಿದ್ರೆ ಎಂಟು ದಿನ ಬರೂದಿಲ್ಲ. ದಿನಾ ಬಂದು ಮನೆಲಿ ಮಲಗಿ ಹೋಗಿ ಅಂತ ನಾ ಹೇಳಿದ್ನಾ?"

"ಅದು ಕೆಲಸ ಮಾರಾಯ್ತಿ."

"ಇದೂ ಕೆಲಸವೇ."

ಹೊರಡುವ ದಿನ ಅವನು ನನ್ನ ಚೀಲವನ್ನು ತಾನೇ ಎತ್ತಿಕೊಂಡು ಬಂದು ಬಂಡಸಾಲೆ ಮನೆಯ ಮುಂಬಾಗಿಲಿನಲ್ಲಿ ಇಳಿಸಿ ಹೋದ. ನಾಲ್ಕು ವರ್ಷದಲ್ಲಿ ನಾನು ಆ ಬಾಗಿಲಿನಿಂದ ಒಳಗೆ ಹೋದದ್ದು ಅದೇ ಮೊದಲು. ಅಲ್ಲಿಂದ ಬರಬೇಡ ಎಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ.

ಬರೆಯುವುದು ಸುಲಭವಾಗಿತ್ತು, ಕೂತಿರುವುದೇ ಕಷ್ಟ. ನನ್ನ ಜಾಗಕ್ಕೆ ಕುಮಟೆಯಿಂದ ದಾಸ ಎಂಬವನು ಬಂದಿದ್ದ. ಅವನು ಬಂಗಡೆ ಸಾರಿಗೆ ಟೊಮೆಟೊ ಹಾಕುತ್ತಿದ್ದ! ಮಸಾಲೆ ಸೀಯುವ ವಾಸನೆ ಮಾಳಿಗೆಗೆ ಬಂದಾಗ ನನ್ನ ಕಾಲುಗಳು ತಾವಾಗಿಯೇ ಮೆಟ್ಟಿಲ ಕಡೆ ಹೊರಡುತ್ತಿದ್ದವು. ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿ ಕೂತು ಬರೆದೆ. ಪಕ್ಕದ ಕೋಣೆಯಲ್ಲಿದ್ದ ಹುಬ್ಬಳ್ಳಿಯ ಚಿತ್ರ ಕಲಾವಿದೆ ದಿವ್ಯಶ್ರೀ ನಾಲ್ಕನೇ ದಿನಕ್ಕೆ ಸೋತು, "ಅಕ್ಕಾ, ಒಂದ ಸಲ ನಿಮ್ಮ ಕೈಯಿಂದ ಸಾರು ಮಾಡ್ರಿ," ಎಂದು ಗೋಗರೆದಳು. "ನಿಂಗೆ ಬೇಕಾದ್ರೆ ಹೇಳಿಕೊಡ್ತೆ, ನೀನೇ ಮಾಡು," ಎಂದೆ. ಅವಳು ಮತ್ತೆ ಕೇಳಲಿಲ್ಲ. ನನಗೂ ಹೊಟ್ಟೆ ಚುರುಗುಟ್ಟುತ್ತಿತ್ತು, ಅದನ್ನು ಅವಳಿಗೆ ಹೇಳಲಿಲ್ಲ.

ದಿನಕ್ಕೆ ಎರಡು ಬಾಗಿಲಿನ ಲೆಕ್ಕದಲ್ಲಿ, ಹಿಂದಿನ ಹನ್ನೊಂದೂ ಸೇರಿ, ಹದಿನೇಳು ದಿನಕ್ಕೆ ನಲವತ್ತೈದು ಬಾಗಿಲು ಮುಗಿದವು. ಉಳಿದದ್ದು ಒಂದು. ಅದು ಇದೇ ಮನೆಯ ಹಿತ್ತಲ ಬಾಗಿಲು. ಹದಿನೆಂಟನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಹಲಗೆ ತೂಗಿಸಿ, ಚಿಲಕ ಹಾಕಿ ಕೂತೆ.

ನನ್ನ ಕಿಟಕಿ ಹಿತ್ತಲಿನ ಮೇಲೆ ತೆರೆಯುತ್ತದೆ. ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬುಟ್ಟಿ ಇಸ್ವಾಣ ಮೀನು ಇತ್ತು. ಆ ದಿನ ಟ್ರಸ್ಟಿನ ದೊಡ್ಡವರು ಮುಂಬೈಯಿಂದ ಊಟಕ್ಕೆ ಬರುವವರಿದ್ದರು, ದಾಸನಿಗೆ ಜ್ವರ. ಇದನ್ನು ಯಾರೂ ನನಗೆ ಹೇಳಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಇರಲಿಲ್ಲ, ಅಂಗಳದಲ್ಲಿ ಅರ್ಚನಾ ಮೇಡಂ ಫೋನಿನಲ್ಲಿ ಕೂಗಾಡುತ್ತಿದ್ದರು, ಅಷ್ಟರಲ್ಲೇ ತಿಳಿಯಿತು.

ಹತ್ತೂವರೆಗೆ ಬಾಗಿಲು ಬಡಿದ ಸದ್ದಾಯಿತು.

"ದುರ್ಗಿ, ಸಾರಿ, ತುಂಬಾ ಅರ್ಜೆಂಟು. ಹನ್ನೆರಡು ಜನ. ಇವತ್ತೊಂದು ದಿನ ಮಾತ್ರ, ಪ್ಲೀಸ್."

ನಾನು ಬರೆಯುತ್ತಿದ್ದೆ. ಅದೇ ಕಲ್ಲಿನ ಮೇಲೆ ಆಯಿ ಬುಟ್ಟಿ ಇಳಿಸಿದ್ದಾಳೆ. ನನಗೆ ಹತ್ತು ವರ್ಷ. ಬಾಗಿಲು ಮುಚ್ಚಿದೆ. ಆಯಿ, "ಬಾಯಮ್ಮಾ, ಮೀನು," ಎಂದು ಒಮ್ಮೆ ಕರೆಯುತ್ತಾಳೆ. ಬಾಯಮ್ಮ ಅಂದರೆ ಸುಧಾಕರ ಶಾನಭಾಗರ ತಾಯಿ. ಒಳಗಿನಿಂದ ಉತ್ತರವಿಲ್ಲ. ಆಯಿ ಮೀನಿಗೆ ನೀರು ಚಿಮುಕಿಸಿ ತನ್ನ ನೆರಳನ್ನು ಬುಟ್ಟಿಯ ಮೇಲೆ ಬೀಳಿಸಿ ನಿಲ್ಲುತ್ತಾಳೆ.

ಹನ್ನೊಂದೂಕಾಲಿಗೆ ಮತ್ತೆ ಬಾಗಿಲು ಬಡಿದರು. ಈ ಸಲ ಸುಧಾಕರ ಶಾನಭಾಗರೇ.

"ದುರ್ಗಿ, ಬಾಗಿಲು ತೆಗಿ. ಒಂದು ತಾಸಿನ ಕೆಲಸ. ಮೀನು ಹಾಳಾಗ್ತದೆ." ಆಮೇಲೆ ದನಿ ಏರಿಸಿದರು. "ನಿನ್ನ ಆಯಿ ಈ ಮನೆಯ ಅನ್ನ ಉಂಡವಳು. ಈಗ ಬರದಿದ್ರೆ ನಾಳೆಯಿಂದ ಅಡುಗೆಮನೆಗೆ ಬರೂದೇ ಬೇಡ."

ನನಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ? ಮಳೆಗಾಲದಲ್ಲಿ ಬೋಟು ದಡಕ್ಕೆ ಬಿದ್ದಾಗ ನಮ್ಮ ಒಲೆ ಉರಿಯುವುದು ಈ ಕೆಲಸದಿಂದಲೇ. ಎದ್ದು ಬಾಗಿಲವರೆಗೂ ಹೋದೆ. ಚಿಲಕಕ್ಕೆ ಕೈ ಇಟ್ಟೆ. ಆಯಿ ಈ ಮನೆಯ ಅನ್ನ ಉಂಡದ್ದು ಯಾವತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ನಲವತ್ತೈದು ಬಾಗಿಲು ನೆನಪಿಟ್ಟುಕೊಂಡ ನನ್ನ ತಲೆಗೆ ಅಂಥದೊಂದು ದಿನ ಸಿಗಲಿಲ್ಲ. ಈ ಮನೆ ಅವಳ ಮೀನು ಉಂಡಿದೆ. ಸಿಟ್ಟು ನೆತ್ತಿಗೇರಿತು. ತಿರುಗಿ ಬಂದು ಕೂತು ಬರೆಯಲು ಹಿಡಿದೆ.

ಬಾಯಮ್ಮ ಬಾಗಿಲು ತೆರೆದದ್ದು ಮಧ್ಯಾಹ್ನದ ನಿದ್ದೆ ಮುಗಿದ ಮೇಲೆ. ಕಿವಿರು ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, "ಮೆತ್ತಗಾಗಿದೆ, ಬೇಡ," ಎಂದು ಬಾಗಿಲು ಹಾಕಿಕೊಂಡರು. ಆಯಿ ಬುಟ್ಟಿ ತಲೆಗೇರಿಸಿದಳು. ದಾರಿಯಲ್ಲಿ ನಾನು ಅಳುತ್ತ ಕೇಳಿದೆ, ಬಾಗಿಲು ಜೋರಾಗಿ ಯಾಕೆ ಬಡಿಯಲಿಲ್ಲ ಎಂದು.

"ಒಳಗಿದ್ದೋರಿಗೆ ಕೆಲಸ ಇರ್ತದೆ ಮಗಾ," ಎಂದಳು ಆಯಿ. "ಹೊರಗಿದ್ದೋರು ಕಾಯೂದು."

ಈ ಮಾತು ನನಗೆ ಪೂರ್ತಿ ಮರೆತೇ ಹೋಗಿತ್ತು. ಮೂವತ್ತೈದು ವರ್ಷದ ಮೇಲೆ, ಬಾಗಿಲಾಚೆ ಶಾನಭಾಗರು ಕಾಯುತ್ತ ನಿಂತಿರುವಾಗ, ಪೆನ್ನಿನ ತುದಿಗೆ ಬಂತು. ಅದನ್ನು ಬರೆದು ಕಣ್ಣೊರೆಸಿಕೊಂಡೆ. ಆಮೇಲೆ ಮೊದಲಿನಿಂದ ಓದಿ, ಎರಡು ಕಡೆ ತಿದ್ದಿ, ಕೊನೆಯಲ್ಲಿ ಗೆರೆ ಎಳೆದೆ. ನಲವತ್ತಾರು.

ಅಷ್ಟಾದ ಮೇಲೂ ಒಂದಕ್ಕೆ ಹತ್ತು ಮಿನಿಟು ಇತ್ತು. ಕೈಕಟ್ಟಿ ಕೂತೆ. ನಿಯಮ ಅಂದರೆ ನಿಯಮ.

ಕೆಳಗಿನ ಹಳೆಯ ಗೋಡೆ ಗಡಿಯಾರ ಒಂದು ಹೊಡೆಯಿತು. ಚಿಲಕ ತೆಗೆದೆ, ಹಲಗೆಯನ್ನು ಮೊಳೆಯಿಂದ ಬಿಡಿಸಿ ಕೈಯಲ್ಲಿ ಹಿಡಿದುಕೊಂಡೆ. ಮೆಟ್ಟಿಲ ಹತ್ತಿರ ಸುಧಾಕರ ಶಾನಭಾಗರು ಮುಖ ಗಂಟುಹಾಕಿ ನಿಂತಿದ್ದರು. ಅರ್ಚನಾ ಮೇಡಂ ತೋಳಿಗೆ ಅರಿಶಿನ ಮೆತ್ತಿತ್ತು, ಕೂದಲಲ್ಲಿ ಮೀನಿನ ಹುರುಪೆ ಇತ್ತು.

"ಕರೆದದ್ದು ಕೇಳ್ಲಿಲ್ವಾ ನಿಂಗೆ?" ಎಂದರು ಶಾನಭಾಗರು.

"ಕೇಳ್ತು. ಒಳಗೆ ಕೆಲಸ ಇತ್ತು." ಹಲಗೆಯನ್ನು ಅವರ ಕೈಗೆ ಕೊಟ್ಟು, ಮೇಡಂ ಕಡೆ ತಿರುಗಿದೆ. "ಹಸಿವಾಗ್ಯದೆ ಮೇಡಂ. ಊಟಕ್ಕೆ ಎಂತ ಮಾಡೀರಿ?"

ಅವರು ಕೈಯನ್ನು ಸೀರೆಗೆ ಒರೆಸಿಕೊಂಡರು. "ನಾನೂ ದಿವ್ಯಶ್ರೀನೂ ಸೇರಿ ಅನ್ನ, ಮೀನು ಸಾರು ಮಾಡಿದೀವಿ. ಸ್ವಲ್ಪ ತಳ ಹಿಡಿದಿದೆ."

"ಅಡ್ಡಿ ಇಲ್ಲ," ಎಂದು ಅವರಿಬ್ಬರಿಗಿಂತ ಮುಂದೆ ಮೆಟ್ಟಿಲಿಳಿದು, ಮುಂಬೈಯವರ ಸಾಲಿನಲ್ಲಿ ಒಂದು ಕುರ್ಚಿ ಎಳೆದು ಕೂತೆ. "ಬಡಿಸಿ."