ಹನ್ನೊಂದು ದಿನ ರಂಗೋಲಿ ಇಲ್ಲ

ಮೂವತ್ತೊಂದು ವರ್ಷ ಮಕ್ಕಳ ಹಾಜರಿ ತೆಗೆದುಕೊಂಡವಳು ನಾನು. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಕೃಷ್ಣವೇಣಿ ಟೀಚರ್ ಸೀಟಿ ಊದಿದರೆ ಮೈದಾನದ ನಾಯಿಗಳೂ ಸಾಲಾಗಿ ನಿಲ್ಲುತ್ತವೆ ಅನ್ನುತ್ತಿದ್ದರು. ಅಂಥ ನನಗೆ ಎಪ್ಪತ್ಮೂರನೆಯ ವಯಸ್ಸಿನಲ್ಲಿ ನನ್ನ ಅಣ್ಣನ ಮಗ ನಿರಂಜನ ಹಾಜರಿ ಪುಸ್ತಕ ತೆರೆದ. ಪುಸ್ತಕ ಯಾವುದು ಗೊತ್ತೇ? ನನ್ನ ಮನೆ ಮುಂದಿನ ರಂಗೋಲಿ.

ಆದದ್ದು ಇಷ್ಟೇ. ಆಷಾಢದಲ್ಲಿ ಒಂದು ದಿನ ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆ ಮುರಿಯಲಿಲ್ಲ, ಸೊಂಟ ನಾಲ್ಕು ದಿನ ನೋಯಿತು. ಟೈಲ್ಸ್ ಸರಿಯಿಲ್ಲ ಅಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಿರಂಜನನ ಹೆಂಡತಿ ಶಿಲ್ಪ ನಕ್ಕಳು. ಯಲಹಂಕದ ಅವರ ಫ್ಲ್ಯಾಟಿನಲ್ಲಿ ನನಗೊಂದು ರೂಮು ತಯಾರಾಯಿತು. ಹಿಡಿದುಕೊಳ್ಳಲು ಗೋಡೆಗೆಲ್ಲ ಸ್ಟೀಲ್ ಕಂಬಿ. ಸುಳ್ಳು ಹೇಳಬಾರದು, ಇಬ್ಬರೂ ಒಳ್ಳೆಯ ಮಕ್ಕಳೇ. ಆದರೆ ಅಲ್ಲಿದ್ದ ಮೂರನೆಯ ದಿನ ಕೊತ್ತಂಬರಿ ಸೊಪ್ಪು ತರೋಣ ಅಂತ ಕೆಳಗಿಳಿದರೆ ಗೇಟಿನ ಸೆಕ್ಯುರಿಟಿಯವನು ನನ್ನನ್ನು ನಿಲ್ಲಿಸಿ ಫೋನ್ ಮಾಡಿದ. "ಸಾರ್, ನಿಮ್ಮ ಅಜ್ಜಿ ಗೇಟ್ ಹತ್ರ ಇದಾರೆ. ಬಿಡ್ಲಾ?" ಅಂತ ಕೇಳಿದ. ನನ್ನನ್ನು ಬಿಡೋದಕ್ಕೆ ಇನ್ನೊಬ್ಬರ ಅಪ್ಪಣೆ! ಅದೇ ಸಂಜೆ ಆರ್.ಟಿ. ನಗರದ ನನ್ನ ಮನೆಗೆ ವಾಪಸ್ ಬಂದೆ.

ಒಂದು ವಾರ ಜಗಳ. ಕೊನೆಗೆ ಒಂದು ಒಪ್ಪಂದ. ದಿನಾ ಬೆಳಿಗ್ಗೆ ಏಳಕ್ಕೆ ಮುಂಚೆ ನಾನು ಬಾಗಿಲಿಗೆ ರಂಗೋಲಿ ಹಾಕಬೇಕು. ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಜಬೀನ್ ಅದರ ಫೋಟೋ ತೆಗೆದು ನಿರಂಜನನಿಗೆ ವಾಟ್ಸಾಪ್ ಮಾಡಬೇಕು. ರಂಗೋಲಿ ಇದ್ದರೆ ಟೀಚರ್ ಇದ್ದಾರೆ ಅಂತ ಅರ್ಥ.

"ಒಂದೇ ಒಂದು ದಿನ ತಪ್ಪಿದ್ರೂ ನಮ್ಮನೆಗೆ ಬಂದ್ಬಿಡ್ಬೇಕು ಅತ್ತೆ. ಮಾತು ಕೊಡಿ," ಅಂದ.

"ಕೊಟ್ಟೆ ಹೋಗೋ," ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳ ತಲೆಗೆ ತುಂಬಿದವಳು ನಾನು. ಐದು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಮಣೆ ಹಾಕಿಕೊಂಡು ಕೂತು ಹಾಕಿದೆ. ಮಳೆ ಬಂದಾಗ ಒಂದು ಕೈಯಲ್ಲಿ ಛತ್ರಿ ಹಿಡಿದು ಹಾಕಿದೆ. ಹಾಕುವಾಗ ದಿನಾ ನಿರಂಜನನಿಗೆ ಒಂದು ಬೈಗುಳ ಅರ್ಪಿಸುತ್ತಿದ್ದೆ.

ಹಾಜರಿ ಮುಗಿದರೆ ಉಳಿದ ದಿನವೆಲ್ಲ ನನ್ನದು. ಬುಧವಾರ ಮಾತ್ರ ನನ್ನದು ಮತ್ತು ಯಲ್ಲಮ್ಮನದು. ಯಲ್ಲಮ್ಮ ನಮ್ಮ ಸ್ಕೂಲಿನ ಆಯಾ. ಅವಳು ಗಂಟೆ ಹೊಡೆಯುತ್ತಿದ್ದಳು, ನಾನು ಸೀಟಿ ಊದುತ್ತಿದ್ದೆ. ಸ್ಕೂಲು ನಡೆಯುತ್ತಿದ್ದದ್ದೇ ನಮ್ಮಿಬ್ಬರ ಸದ್ದಿಗೆ. ಹೆಡ್‌ಮಾಸ್ಟರು ಸುಮ್ಮನೆ ಕುರ್ಚಿ ಬಿಸಿ ಮಾಡುತ್ತಿದ್ದರು. ರಿಟೈರ್ ಆದ ಮೇಲೆ ಅವಳು ಅಬ್ಬಿಗೆರೆಯಲ್ಲಿ ಮಗ ಮಹೇಂದ್ರನ ಜೊತೆ ಇದ್ದಳು. ಹೆಂಗಸರಿಗೆ ಬಸ್ಸು ಫ್ರೀ ಆಯಿತು ನೋಡಿ, ಅಲ್ಲಿಂದ ನಾವು ಈ ಕೆಲಸ ಶುರುಮಾಡಿದೆವು. ಮೇಖ್ರಿ ಸರ್ಕಲ್ಲಿನಲ್ಲಿ ಸೇರುವುದು, ಸೀಟು ಖಾಲಿ ಇರುವ ಯಾವುದಾದರೊಂದು ಬಸ್ಸು ಹತ್ತುವುದು, ಪಿಂಕ್ ಟಿಕೆಟ್ ತೆಗೆದುಕೊಂಡು ಲಾಸ್ಟ್ ಸ್ಟಾಪಿನವರೆಗೂ ಹೋಗುವುದು. ಅಲ್ಲಿ ಟೀ ಕುಡಿದು ವಾಪಸ್. "ಎಲ್ಲಿಗೆ ಅಜ್ಜಿ?" ಅಂತ ಕಂಡಕ್ಟರ್ ಕೇಳಿದರೆ ಯಲ್ಲಮ್ಮ, "ನೀನು ಎಲ್ಲಿಗಂಟ ಓಯ್ತಿಯೋ ಅಲ್ಲಿಗಂಟ ಕಣಪ್ಪ," ಅನ್ನುವಳು.

ಡಿಸೆಂಬರಿನ ಒಂದು ಬುಧವಾರ ಬಾಗಲೂರಿಗೆ ಹೋಗಿದ್ದೆವು. ಅವರೆಕಾಯಿ ಕಾಲ. ಸೊಗಡು ಘಮ್ಮೆನ್ನುವ ಕಾಯಿ ಎರಡು ಕೆ.ಜಿ. ಕೊಂಡು ಇಬ್ಬರೂ ಅರ್ಧರ್ಧ ಚೀಲಕ್ಕೆ ಸುರಿದುಕೊಂಡೆವು. ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಯಲ್ಲಮ್ಮ ಇದ್ದಕ್ಕಿದ್ದ ಹಾಗೆ ಅಂದಳು:

"ಟೀಚರೇ, ನೀವೇನಾದ್ರೂ ಮೊದ್ಲು ಓಗ್ಬುಟ್ರೆ ಅನ್ನೊಂದು ದಿನ ನಾನು ಬಾಗ್ಲಿಗೆ ರಂಗೋಲಿ ಆಕಾಕಿಲ್ಲ."

ಸಾವಾದ ಮನೆಯಲ್ಲಿ ಸೂತಕ ಕಳೆಯುವ ತನಕ ರಂಗೋಲಿ ಹಾಕುವುದಿಲ್ಲ. ಅದು ಮನೆಯವರು, ರಕ್ತಸಂಬಂಧದವರು ಪಾಲಿಸುವುದು. ಇವಳು ನನ್ನ ಜಾತಿಯಲ್ಲ, ಬಳಗವಲ್ಲ. ಮದುವೆಯಾಗದೆ, ಮಕ್ಕಳಿಲ್ಲದೆ ಇದ್ದುಬಿಟ್ಟ ನನಗೆ ಈ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಅಳು ಬರಬೇಕಾದಲ್ಲಿ ನನಗೆ ಬರುವುದು ಸಿಟ್ಟೊಂದೇ.

"ಬಾಯ್ಮುಚ್ಕೊಂಡು ಟೀ ಕುಡಿಯೇ. ಆರಿಹೋಗ್ತಿದೆ," ಅಂದೆ.

ಅವಳು ನಕ್ಕು ಟೀ ಕುಡಿದಳು. ಅವಳು ನನಗೆ ಮಾತು ಕೊಟ್ಟಿದ್ದಳು. ನಾನು ಅವಳಿಗೆ ಕೊಡಲಿಲ್ಲ.

ಮರುದಿನ ಗುರುವಾರ. ಬೆಳಿಗ್ಗೆ ಆರಕ್ಕೆ ಕಾಲು ಗಂಟೆ ಇರುವಾಗ ಬಾಗಿಲಿಗೆ ನೀರು ಹಾಕಿ, ಗುಡಿಸಿ, ರಂಗೋಲಿ ಡಬ್ಬಿ ತರಲು ಒಳಗೆ ಹೋದೆ. ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಹೊಡೆದುಕೊಂಡಿತು. ಮಹೇಂದ್ರ.

"ಟೀಚರೇ... ಅಮ್ಮ ಎದ್ದೇಳ್ತಾ ಇಲ್ಲ. ಡಾಕ್ಟ್ರು ಬಂದಿದ್ರು. ನಿದ್ದೇಲೇ ಹೋಗ್ಬಿಟ್ಟಿದಾರಂತೆ."

ಫೋನು ಎಲ್ಲಿಟ್ಟೆನೋ ಗೊತ್ತಿಲ್ಲ. ಹೊಸ್ತಿಲ ಹತ್ತಿರ ಬಂದು ನಿಂತೆ. ಮುಂದೆ ಒದ್ದೆ ನೆಲ, ಕೈಯಲ್ಲಿ ಡಬ್ಬಿ. ಎರಡು ನಿಮಿಷದ ಕೆಲಸ. ನಾಲ್ಕು ಎಳೆ ಎಳೆದು ಹೋಗಿದ್ದರೆ ನನ್ನ ಮನೆ ನನಗೆ ಉಳಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಪಾಪ, ಗಾಬರಿಯಲ್ಲಿ ಮರೆತುಬಿಟ್ಟಳು ಅಂತ ಯಾರಾದರೂ ಹೇಳಿದರೆ ಕಪಾಳಕ್ಕೆ ಬಿಡುತ್ತೇನೆ. ಡಬ್ಬಿಯ ಮುಚ್ಚಳ ಒತ್ತಿ ಒಳಗಿಟ್ಟೆ. ಎಳೆದರೆ ತಾನೇ ಬೀಗ ಬೀಳುವ ಬಾಗಿಲು. ಎಳೆದುಕೊಂಡು ಆಟೋ ಹತ್ತಿದೆ. ನಾನು ಮರೆತದ್ದು ಫೋನು ಒಂದನ್ನೇ.

ಅಬ್ಬಿಗೆರೆಯ ಆ ಸಣ್ಣ ಮನೆಯಲ್ಲಿ ಯಲ್ಲಮ್ಮ ಚಾಪೆಯ ಮೇಲೆ ಮಲಗಿದ್ದಳು. ಮೂಲೆಯಲ್ಲಿ ಅವಳ ಪಾಲಿನ ಅವರೆಕಾಯಿ ಚೀಲ ಗಂಟು ಬಿಚ್ಚದೆ ಕೂತಿತ್ತು. ಅದನ್ನು ನೋಡಿ ನಾನು ಅತ್ತೆ. ಜೋರಾಗಿಯೇ ಅತ್ತೆ. ಹನ್ನೆರಡು ಗಂಟೆಗೆ ಎತ್ತುತ್ತೇವೆ ಅಂದ ಮಹೇಂದ್ರ. ಸಂಕ್ರಾಂತಿಗೆ ಅವಳಿಗೆ ಕೊಡಬೇಕೆಂದು ಸಾಸಿವೆ ಬಣ್ಣದ ಇಳಕಲ್ ಸೀರೆ ತಂದಿಟ್ಟಿದ್ದೆ. ಅದನ್ನು ಅವಳು ಉಟ್ಟುಕೊಂಡೇ ಹೋಗಲಿ ಅನ್ನಿಸಿತು. ಸೀರೆ ತರಲು ಮನೆಗೆ ವಾಪಸ್ ಹೊರಟೆ.

ಒಂಬತ್ತು ಗಂಟೆಗೆ ನಮ್ಮ ಬೀದಿಗೆ ಬಂದರೆ, ಅಯ್ಯೋ ರಾಮ, ಜಾತ್ರೆ! ನನ್ನ ಬಾಗಿಲು ಬಾಯಿಬಿಟ್ಟುಕೊಂಡು ನಿಂತಿದೆ, ಬೀಗ ಕಿತ್ತು ಜೋತಾಡುತ್ತಿದೆ. ಪಕ್ಕದ ಮನೆಯ ಅಶ್ವತ್ಥ್ ಕೈಯಲ್ಲಿ ಹಾರೆ. ನನ್ನನ್ನು ಕಂಡವನೇ ಅದನ್ನು ತನ್ನ ಕಾಲ ಮೇಲೆ ಬೀಳಿಸಿಕೊಂಡ.

"ಯಾವನೋ ಅದು ನನ್ನ ಬಾಗಿಲು ಮುರಿದಿದ್ದು?" ಅಂದೆ.

ಜಬೀನ್ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅಳುತ್ತಲೇ ಬೈದಳು.

"ನೀರು ಹಾಕಿದೀರ, ರಂಗೋಲಿ ಇಲ್ಲ. ಫೋನ್ ಒಳಗಡೆ ಹೊಡ್ಕೋತಾನೇ ಇದೆ. ನಾನ್ ಏನ್ ಅಂದ್ಕೋಬೇಕು ಟೀಚರ್? ನಿಮ್ಮಲ್ಲಿ ಮನೇಲಿ ಯಾರಾದ್ರೂ ತೀರ್ಕೊಂಡ್ರೆ ತಾನೇ ರಂಗೋಲಿ ಹಾಕಲ್ಲ? ಈ ಮನೇಲಿ ಇರೋದು ನೀವೊಬ್ರೇ!"

ಅವಳು ತಿಳಿದುಕೊಂಡದ್ದರಲ್ಲಿ ತಪ್ಪೇನಿದೆ? ಸಾವು ಆಗಿತ್ತು. ನನ್ನ ಮನೆಯವಳೇ ಸತ್ತಿದ್ದಳು. ಅವಳು ಅಬ್ಬಿಗೆರೆಯಲ್ಲಿದ್ದಳು, ಅಷ್ಟೇ ವ್ಯತ್ಯಾಸ.

ಅಷ್ಟರಲ್ಲಿ ನಿರಂಜನನ ಕಾರು ಬಂತು. ನನ್ನ ಮನೆಯ ಇನ್ನೊಂದು ಕೀ ಅವನ ಹತ್ತಿರ ಇತ್ತು; ಕೀ ಸಮೇತ ಹೆಬ್ಬಾಳ ಫ್ಲೈಓವರ್ ಮೇಲೆ ಒಂದು ಗಂಟೆ ಸಿಕ್ಕಿಕೊಂಡಿದ್ದನಂತೆ. ಶರ್ಟು ಉಲ್ಟಾ ಹಾಕಿಕೊಂಡಿದ್ದ. ನನ್ನನ್ನು ನೋಡಿ ಮೆಟ್ಟಿಲ ಮೇಲೆ ಕುಸಿದು ಕೂತ. ಪಾಪ ಅನ್ನಿಸಿತು. ಆದರೆ ಉಸಿರು ಬಂದ ಮೇಲೆ ಅವನಾಡಿದ ಮೊದಲನೇ ಮಾತಿಗೆ ಆ ಪಾಪವೆಲ್ಲ ಹಾರಿಹೋಯಿತು.

"ಸಾಕು ಅತ್ತೆ. ಬಟ್ಟೆ ಪ್ಯಾಕ್ ಮಾಡ್ಕೊಳಿ. ಇವತ್ತೇ ಹೋಗೋಣ."

"ಪುರುಸೊತ್ತಿಲ್ಲ. ಹನ್ನೆರಡಕ್ಕೆ ಯಲ್ಲಮ್ಮನ್ನ ಎತ್ತುತ್ತಾರೆ," ಎಂದು ಒಳಗೆ ಹೋಗಿ ಬೀರುವಿನಿಂದ ಸೀರೆ ತೆಗೆದೆ. ಅವನು ಹಿಂದೆಯೇ ಬಂದ. ವಿಷಯ ಹೇಳಿದೆ.

"ಸಾರಿ ಅತ್ತೆ. ಆದ್ರೆ ರಂಗೋಲಿ ಹಾಕಿ ಹೋಗ್ಬಹುದಿತ್ತಲ್ಲ?"

"ಸೂತಕ ಕಣೋ ನನಗೆ. ಹನ್ನೊಂದು ದಿನ ಹಾಕಲ್ಲ."

"ಸೂತಕನಾ? ಅವ್ರು ನಮ್ಮೋರಲ್ಲ ಅತ್ತೆ. ಯಾವ ಶಾಸ್ತ್ರದಲ್ಲಿದೆ?"

"ನಮ್ಮೋರಲ್ಲ ಅಂತ ಯಾವ ಶಾಸ್ತ್ರದಲ್ಲಿದೆ, ತೋರ್ಸು! ನನಗೆ ಚಿಕೂನ್‌ಗುನ್ಯಾ ಬಂದಾಗ ಬಚ್ಚಲಿಗೆ ಎತ್ಕೊಂಡು ಹೋದೋಳು ಅವಳು. ನಿನ್ನ ಶಾಸ್ತ್ರ ಬಂದಿತ್ತಾ?"

ಅವನ ಮುಖ ಕೆಂಪಾಯಿತು. "ನೀವು ಮಾತು ಕೊಟ್ಟಿದ್ರಿ," ಅಂದ.

ಅದು ನಾಟಿತು. ಯಾಕೆಂದರೆ ನಿಜ. ಕುಂಟು ನೆಪ ಹೇಳಬಹುದಿತ್ತು; ಸೂತಕದ ದಿನ ಒಪ್ಪಂದಕ್ಕೆ ಸೇರುವುದಿಲ್ಲ ಅಂತ ವಾದ ಹೂಡಬಹುದಿತ್ತು. ನನಗೆ ಅಂಥ ವಕೀಲಿಕೆ ಬೇಕಿರಲಿಲ್ಲ.

"ಕೊಟ್ಟಿದ್ದೆ. ತಪ್ಪಿದೀನಿ. ಬೇಕಂತಲೇ ತಪ್ಪಿದೀನಿ. ಊರಿಗೆಲ್ಲ ಹೇಳ್ಕೊಂಡು ಬಾ, ಅತ್ತೆ ಮಾತಿಗೆ ತಪ್ಪಿದೋಳು ಅಂತ. ಆದ್ರೆ ನಾನು ಬರಲ್ಲ," ಅಂದೆ. ಸೀರೆ ಕಂಕುಳಲ್ಲಿ ಇಟ್ಟುಕೊಂಡು, ಮುರಿದ ಬಾಗಿಲನ್ನು ಜಬೀನಳಿಗೆ ವಹಿಸಿ, ಮತ್ತೆ ಆಟೋ ಹತ್ತಿದೆ. ಸಾಸಿವೆ ಬಣ್ಣ ಯಲ್ಲಮ್ಮನಿಗೆ ಚೆನ್ನಾಗಿ ಒಪ್ಪಿತು.

ಸಂಜೆ ಅಶ್ವತ್ಥ್ ಕುಂಟುತ್ತಲೇ ಬಂದು ಹೊಸ ಬೀಗ ಹಾಕಿಸಿಕೊಟ್ಟ. ಎರಡು ಕೀ ಬಂದವು. ಒಂದನ್ನು ನಾನಿಟ್ಟುಕೊಂಡೆ, ಇನ್ನೊಂದನ್ನು ಜಬೀನಳಿಗೆ ಕೊಟ್ಟೆ. ಯಲಹಂಕಕ್ಕೆ ಕಳಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬರಿ ನೆಲದ ಹಿಂದೆ, ಹೊಸ್ತಿಲೊಳಗೆ ಕೈಕಟ್ಟಿ ನಿಂತೆ. "ತೆಗಿ ಜಬೀನ್," ಅಂದೆ. ರಂಗೋಲಿ ಇಲ್ಲದ ಬಾಗಿಲು, ಸಿಡುಕು ಮುಖದ ಟೀಚರು, ಫೋಟೋ ಹೋಯಿತು. ಶನಿವಾರವೂ ಹೋಯಿತು, ಭಾನುವಾರವೂ ಹೋಯಿತು. ನಿರಂಜನ ಫೋನ್ ಮಾಡಿ ಬೇಡಿಕೊಂಡ, ಕೂಗಾಡಿದ. ಸೋಮವಾರ ಶಿಲ್ಪ ಫೋನ್ ಮಾಡಿ ಅತ್ತಳು. "ನಿಮಗೇನಾದ್ರೂ ಆದ್ರೆ ಜನ ನಮ್ಮನ್ನ ಏನಂತಾರೆ ಅತ್ತೆ?" ಅಂದಳು.

"ಜನಕ್ಕೆ ಹಾರೆ ಇದೆ ಕಣಮ್ಮ, ನೋಡ್ಕೋತಾರೆ," ಅಂದೆ.

ಬುಧವಾರ ಬಂತು. ಸೂತಕದಲ್ಲಿ ತಿರುಗಾಡಬಾರದು ಅಂತಾರೆ. ಇರಲಿ. ಮೇಖ್ರಿ ಸರ್ಕಲ್ಲಿನಲ್ಲಿ ಒಬ್ಬಳೇ ನಿಂತೆ, ಬಾಗಲೂರು ಬಸ್ಸು ಹತ್ತಿದೆ. ಪಕ್ಕದ ಸೀಟಿನಲ್ಲಿ ಯಾರೋ ಹುಡುಗಿ ಕೂತಳು. ಇಳಿದುಬಿಡೋಣ ಅನ್ನಿಸಿತು. ಇಳಿಯಲಿಲ್ಲ. ಅದೇ ಅಂಗಡಿ, ಅದೇ ಬೆಂಚು. ಟೀ ಬಿಸಿಯಾಗಿತ್ತು. ಅಂದು ಆಡದೆ ಉಳಿದದ್ದನ್ನು ಈಗ ಬಾಯಿಬಿಟ್ಟು ಹೇಳಿದೆ: "ನಾನೂ ಹಾಕಲ್ಲ ಕಣೇ." ಅಂಗಡಿಯವನು ತಿರುಗಿ ನೋಡಿದ. ನೋಡಿಕೊಳ್ಳಲಿ.

ಆಗ ಫೋನು ಬಂತು. ನಿರಂಜನ. ನನ್ನನ್ನು ಕರೆದುಕೊಂಡು ಹೋಗಲೆಂದೇ ರಜೆ ಹಾಕಿ, ಕಾರು ತಂದು, ನನ್ನ ಮನೆ ಮುಂದೆ ನಿಂತಿದ್ದಾನೆ. ಅವನ ಹಳೆಯ ಕೀ ಹೊಸ ಬೀಗಕ್ಕೆ ಆಗುತ್ತಿಲ್ಲ.

"ಎಲ್ಲಿದೀರ ಅತ್ತೆ?"

"ಲಾಸ್ಟ್ ಸ್ಟಾಪಲ್ಲಿ."

"ಒಬ್ರೇನಾ? ಅಲ್ಲೇ ಇರಿ. ಲೊಕೇಶನ್ ಕಳ್ಸಿ, ನಾನೇ ಬಂದು ಕರ್ಕೊಂಡ್ ಹೋಗ್ತೀನಿ."

"ಯಾಕೆ, ಬಸ್ಸು ಇಲ್ಲೇ ಮಲ್ಕೊಳುತ್ತಾ? ತಿರುಗಿಸ್ಕೊಂಡು ವಾಪಸ್ ಹೋಗುತ್ತೆ. ನಾನೂ ಅದ್ರಲ್ಲೇ ಬರ್ತೀನಿ, ನನ್ನ ಮನೆಗೆ."

ಆ ಕಡೆಯಿಂದ ಹಾರ್ನುಗಳ ಸದ್ದು, ಜಬೀನಳ ಹೊಲಿಗೆ ಮೆಷೀನಿನ ಸದ್ದು ಕೇಳಿಸುತ್ತಿತ್ತು.

"ಸರಿ. ನೀವು ಬರೋವರ್ಗೂ ಇಲ್ಲೇ ಕಾಯ್ತೀನಿ," ಅಂದ. ದನಿ ಮೆತ್ತಗಾಗಿತ್ತು.

"ಕಾಯಿ. ಜಬೀನ್ ಹತ್ರ ಕೀ ಇದೆ, ಇಸ್ಕೊಂಡು ಒಳಗೆ ಹೋಗಿ ಕೂತ್ಕೋ. ಅಡುಗೆಮನೇಲಿ ಅವರೆಕಾಯಿ ಚೀಲ ಇದೆ, ಒಣಗಿಹೋಗೋಕ್ಕೆ ಮುಂಚೆ ಬಿಡಿಸಿಡು. ಮತ್ತೆ ನೋಡು, ಬಾಗಿಲು ಬರಿದಾಗಿದೆ ಅಂತ ಯಾರ ಕೈಲಾದ್ರೂ ರಂಗೋಲಿ ಎಳೆಸಿದ್ರೆ ಹುಷಾರ್. ಯಲ್ಲಮ್ಮಂಗೆ ಇನ್ನೂ ನಾಲ್ಕು ದಿನ ಇದೆ."