ಕೊಯ್ಲು ಮುಗಿದ ಮೇಲೆ ಲೂಸಿಯ ಆಪರೇಷನ್

೧
ಕಥೆಯನ್ನು ಗರ್ಭಕೋಶದಿಂದ ಶುರು ಮಾಡಬಹುದೇ? ಸಂಪಾದಕರು ಒಪ್ಪಲಿಕ್ಕಿಲ್ಲ. ಗಂಡನಿಂದ ಶುರು ಮಾಡಿದರೆ ಒಪ್ಪುತ್ತಾರೆ. ವಿಧವೆ ಬರೆದದ್ದೆಂದರೆ ಓದುಗರೂ ಮೊದಲು ಅವನನ್ನೇ ಹುಡುಕುತ್ತಾರೆ. ಅವನಿಗೆ ಒಂದು ವಾಕ್ಯ: ಯೋಗಾನಂದ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಲೂಸಿ ಅವನು ತಂದ ನಾಯಿ.

ಎರಡು ವಾಕ್ಯವಾಯಿತು. ಇರಲಿ.

೨ (ಮೊದಲ ಡ್ರಾಫ್ಟ್, ಹರಿದದ್ದು)
ಇದರಲ್ಲಿ ನನ್ನ ಅತ್ತೆ ರಾಜಲಕ್ಷ್ಮಮ್ಮ ಕೆಟ್ಟವರು. ಲೂಸಿಗೆ ಆರು ತಿಂಗಳಿದ್ದಾಗಲೇ ಸಕಲೇಶಪುರದ ಡಾಕ್ಟರ್ ನೂರೀನ್ ಹೇಳಿದ್ದರು: "ಮೊದಲ ಬೆದೆಗೆ ಮುಂಚೆ ಗರ್ಭಕೋಶ ತೆಗೆಸಿಬಿಡಿ. ಮುಂದೆ ಮೊಲೆಯಲ್ಲಿ ಗಡ್ಡೆ ಆಗೋದು ತುಂಬಾ ಕಮ್ಮಿ. ಗರ್ಭಕೋಶದಲ್ಲಿ ಕೀವು ತುಂಬೋ ಭಯಾನೂ ಇರಲ್ಲ."

ಅತ್ತೆ ಒಪ್ಪಲಿಲ್ಲ. "ಒಂದು ಸೂಲಾದ್ರೂ ಆಗ್ಲಿ. ಹೆಣ್ಣಾಗಿ ಹುಟ್ಟಿ ಒಂದು ಮರಿ ಕಾಣದೆ ಇರ್ಬೇಕಾ?"

(ನನಗೆ ಮಕ್ಕಳಿಲ್ಲ. ಓದುಗರೇ, ನೀವೀಗ ರೂಪಕ ಹುಡುಕುತ್ತಿದ್ದೀರಿ. ಬೇಡ. ಲೂಸಿಗೆ ಕೀವು ಕಟ್ಟಿದ್ದು ರೂಪಕದಲ್ಲಲ್ಲ.)

ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ.

"ನಾನು ಅಂದಿದ್ದು ನಿಜ ಕಣೆ. ಆಮೇಲೆ ಅದು ಮರಿ ಹಾಕ್ದಾಗ ಬಾಣಂತನ ಮಾಡ್ದೋಳು ಯಾರು? ಅದನ್ಯಾಕೆ ಬಿಟ್ಬುಟ್ಟೆ?"

ಕಥೆ ಉದ್ದವಾಗುತ್ತದೆ ಎಂದೆ.

"ಹಂಗಾದ್ರೆ ನನ್ನನ್ನೂ ಬಿಡು."

೩ (ಎರಡನೆಯ ಡ್ರಾಫ್ಟ್)
ಇದರಲ್ಲಿ ತಪ್ಪು ರೈಟರ್ ದೇವೀರಪ್ಪನದು. (ನಮ್ಮ ಎಸ್ಟೇಟಿನಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಹಾಕುವವನು. ಕಥೆ ಬರೆಯುವವಳಿಗೆ ಹೆಸರಿಲ್ಲ.)

ಕಳೆದ ಡಿಸೆಂಬರ್. ಆಪರೇಷನ್ ಮಾಡಿಸಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಕೊಯ್ಲು ಶುರುವಾಯಿತು. ಕಾಫಿ ಒಣಗುವ ಕಣ ಕಾಯುವವಳು ಲೂಸಿ.

"ಆಪರೇಷನ್ ಆದ್ರೆ ಹತ್ತು ದಿನ ಕಟ್ಟಾಕ್ಬೇಕು. ಹಂಗೇ ಬಿಟ್ರೆ ಬೆದೆಗೆ ಬತ್ತದೆ. ಆಳುಗಳ ಲೈನ್ ಮನೆ ಗಂಡು ನಾಯಿಗಳೆಲ್ಲ ನುಗ್ಗಿ ಕಾಫಿ ಮೇಲೆ ಕಾಲೆತ್ತುತವೆ ಕಣ್ರೀ ಅಮ್ಮಾವ್ರೆ," ಎಂದ ದೇವೀರಪ್ಪ.

"ಕುಡಿಯೋರು ಅದನ್ನೇ ಘಮ ಅಂತಾರೆ ಬಿಡು ಮಾರಾಯ," ಎಂದರು ಅತ್ತೆ.

"ಪ್ಯಾಟೇಲಿ ಒಂದು ಇಂಜೆಕ್ಷನ್ ಐತೆ. ಹಾಕ್ಸಿದ್ರೆ ಬೆದೆ ಮುಂದಕ್ಕೆ ಹೋಯ್ತದೆ. ಕೊಯ್ಲು ಮುಗೀಲಿ, ಆಮೇಲೆ ಆಪರೇಷನ್."

ಹಾಕಿಸಿಕೊಂಡು ಬಂದ. ಫೆಬ್ರುವರಿಯಲ್ಲಿ ಲೂಸಿ ಬೋಗುಣಿಗಟ್ಟಲೆ ನೀರು ಕುಡಿಯತೊಡಗಿದಳು. ಅನ್ನ ಬಿಟ್ಟಳು. ಹೊಟ್ಟೆ ಊದಿತು.

ಇಲ್ಲಿಗೆ ಬಂದಾಗ ದೇವೀರಪ್ಪ ತಿರುಗಿ ನಿಂತ. "ಹೂಂ ಅಂದೋರು ಯಾರು ಅಮ್ಮಾವ್ರೆ? ಪ್ರಾಣಿಗಳ ವಿಷಯ ಓದ್ದೋರು ನಾನಾ?"

(ಎದುರಿಗೆ ಅವನು ಹೀಗೆ ಹೇಳಲಿಲ್ಲ, ಡ್ರಾಫ್ಟಿನಲ್ಲಿ ಹೇಳಿದ. ಎದುರಿಗೇ ಹೇಳಿದ್ದರೆ ಸುಲಭವಿತ್ತು.)

ಹೂಂ ಅಂದವಳು ನಾನು. ಮೈಸೂರಿನಲ್ಲಿ ಝೂವಾಲಜಿ ಎಂ.ಎಸ್ಸಿ. ಹಾರ್ಮೋನುಗಳ ಪೇಪರಿನಲ್ಲಿ ಕ್ಲಾಸಿಗೇ ಹೆಚ್ಚು ಅಂಕ. ಡಾಕ್ಟರನ್ನು ಒಂದು ಮಾತು ಕೇಳಬಹುದಿತ್ತು. ಆ ವರ್ಷ ನಾನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ಎರಡನೆಯ ಡ್ರಾಫ್ಟನ್ನೂ ಹರಿದೆ.

೪
ನಿನ್ನೆ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ದೆವು. ದಾರಿಯುದ್ದಕ್ಕೂ ಲೂಸಿಯ ತಲೆ ಅತ್ತೆಯ ತೊಡೆಯ ಮೇಲಿತ್ತು.

"ಇಂಜೆಕ್ಷನ್ ಹಾಕ್ಸಿದ್ರಾ?" ಎಂದರು ಡಾಕ್ಟರ್.

ಹೇಳಿದೆ.

"ಬೆದೆ ತಡೆಯೋ ಆ ಹಾರ್ಮೋನಿಂದ್ಲೇ ಕೀವು ತುಂಬಿರೋದು. ಒಂದ್ಸಲ ನನ್ನ ಕೇಳಬೇಕಿತ್ತು." ಬೈಯಲಿಲ್ಲ. "ಆರೋಗ್ಯವಾಗಿದ್ದಾಗ ಇದು ಅರ್ಧ ಗಂಟೆ ಕೆಲಸ. ಈಗ ತೆಗೆದ್ರೂ ಉಳೀತಾಳೆ ಅಂತ ಮಾತು ಕೊಡಲಾರೆ. ತೆಗೀದೆ ಇದ್ರೆ ಖಂಡಿತ ಉಳಿಯಲ್ಲ."

ಗರ್ಭಕೋಶ ತೆಗೆದು ಟ್ರೇಯಲ್ಲಿ ತೋರಿಸಿದರು. ನಾನು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸುತ್ತಿದ್ದುದು ಪೆನ್ಸಿಲ್ ದಪ್ಪ. ಇದು ನನ್ನ ಮುಂಗೈ ದಪ್ಪವಿತ್ತು.

"ಎರಡು ದಿನ ಕಳೀಲಿ," ಎಂದರು.

೫
ಮುಕ್ತಾಯ ಅ: ಲೂಸಿ ಬದುಕುತ್ತಾಳೆ. ಆಪರೇಷನ್ ಆದ ನಾಯಿ ಬೇಗ ದಪ್ಪಗಾಗುತ್ತದೆ, ಊಟ ಕಮ್ಮಿ ಮಾಡಿ ಎನ್ನುತ್ತಾರೆ ಡಾಕ್ಟರ್. ಅತ್ತೆ ಮಾಡುವುದಿಲ್ಲ.

ಮುಕ್ತಾಯ ಆ: ಲೂಸಿ ಬದುಕುವುದಿಲ್ಲ. ದೇವೀರಪ್ಪ ಗುಂಡಿ ತೋಡುತ್ತಾನೆ. ನಾನು ಅಳುತ್ತೇನೆ, ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. (ಕಥೆಗೆ ಇದೇ ಚೆನ್ನ. ಅದಕ್ಕೇ ಹೊಡೆದುಹಾಕಿದೆ.)

ಮುಕ್ತಾಯ ಇ: ಖಾಲಿ.

ಈಗ ಮಧ್ಯಾಹ್ನ ಮೂರು. ಆಪರೇಷನ್ ಆಗಿ ಇಪ್ಪತ್ತೆಂಟು ಗಂಟೆ. ಲೂಸಿ ಅಡುಗೆಮನೆಯಲ್ಲಿ ಗೋಣಿಚೀಲದ ಮೇಲೆ ಮಲಗಿದ್ದಾಳೆ. ಬೆಳಿಗ್ಗೆ ನೀರು ಕುಡಿದಳು, ಕಾರಿಕೊಂಡಳು. ಆಮೇಲೆ ಇನ್ನೊಮ್ಮೆ ಕುಡಿದಳು, ಅದು ಒಳಗೇ ಉಳಿದಿದೆ. ಕೊಯ್ಲು ಮುಗಿಯಲಿ ಎಂದು ಅವಳ ಪರವಾಗಿ ಒಮ್ಮೆ ದಿನ ಗೊತ್ತು ಮಾಡಿದ್ದೇನೆ. ಇನ್ನೊಮ್ಮೆ ಮಾಡಲಾರೆ, ಕಾಗದದ ಮೇಲೂ.

"ಬರ್ದಿದ್ದು ಸಾಕು ಬಾರೆ," ಅತ್ತೆ ಕರೆಯುತ್ತಿದ್ದಾರೆ. "ಗಂಜಿ ಆರೈತೆ. ನೀನು ತಲೆ ಹಿಡ್ಕೊ, ನಾನು ಚಮಚದಲ್ಲಿ ಹಾಕ್ತೀನಿ."

ಹಿಡಿಯಲು ಎರಡೂ ಕೈ ಬೇಕು.