ಭಂಡಾರ ಹತ್ತಿದ ಚೀಟಿ

ಪೇಡೆಗೆ ಚಾಚಿದ ತನ್ನ ಕೈಯನ್ನು ಪದ್ಮವ್ವ ಅರ್ಧಕ್ಕೇ ತಡೆದಳು. ತಾತ್ಯಾಸಾಹೇಬರ ಸೊಸೆ ಉಜ್ವಲಾ ಪಂಚಾಯ್ತಿಗೆ ಗೆದ್ದ ಸುದ್ದಿಯನ್ನು ರಾಯಬಾಗದಿಂದ ತಂದಿದ್ದ ಅವರ ಮೇಸ್ತ್ರಿ ದುಂಡೇಶ, ಅಂಗಳದಲ್ಲಿ ಸಾಲಾಗಿ ನಿಂತ ಕೂಲಿ ಹೆಂಗಸರನ್ನು ನೋಡುತ್ತ ಹೇಳುತ್ತಿದ್ದ:

"ಗೆದ್ದೀವ್ರಿ ಸಾಹೇಬ್ರ. ಆದ್ರ ಎದುರು ನಿಂತ ರುಕ್ಸಾರಳ ಮತದ ಗಂಟಿನ್ಯಾಗೂ ಹಳದಿ ಹತ್ತಿದ ಚೀಟಿ."

ಮತದಾನದ ಮುಂಜಾನೆ ಇದೇ ಅಂಗಳದಲ್ಲಿ ಅವನು ಚಿಂಚಲಿ ಮಾಯಕ್ಕ ದೇವಿಯ ಭಂಡಾರದ ತಾಟು ಹಿಡಿದು ನಿಂತಿದ್ದ. ನಲವತ್ತು ಹೆಂಗಸರೂ ಆ ಅರಿಸಿನದಲ್ಲಿ ಬೆರಳದ್ದಿ, ಉಜ್ವಲಾ ವೈನಿಗೇ ಹಾಕುತ್ತೇವೆಂದು ಆಣೆ ಮಾಡಿದ್ದರು. ಪದ್ಮವ್ವನೂ ಮಾಡಿದ್ದಳು. ಅವಳ ಕೂಲಿ, ಕೊಟ್ಟಿಗೆಯ ಹಿಂದಿನ ಅವಳ ಖೋಲಿ, ಎರಡೂ ತಾತ್ಯಾಸಾಹೇಬರದೇ.

ಮತಗಟ್ಟೆಯ ರಟ್ಟಿನ ಮರೆಯೊಳಗೆ ಮಾತ್ರ ಅವಳನ್ನು ಕಾಯುವ ಕಣ್ಣು ಒಂದೂ ಇರಲಿಲ್ಲ. ಟೈಫಾಯ್ಡ್ ಆಗಿ ಒಬ್ಬಳೇ ಬಿದ್ದಿದ್ದಾಗ ಒಂಬತ್ತು ದಿನ ಗಂಜಿ ತಂದವಳು ಟೇಲರ್ ರುಕ್ಸಾರ. ಅವಳ ಹೊಲಿಗೆ ಯಂತ್ರದ ಗುರುತಿನ ಮೇಲೆ ಪದ್ಮವ್ವ ಶಿಕ್ಕಾ ಒತ್ತಿದಳು. ಮಡಚುವಾಗ ನೋಡಿದರೆ ಚೀಟಿಯ ಅಂಚಿನಲ್ಲಿ ಹಳದಿ ಹೆಬ್ಬೆರಳ ಗುರುತು. ಸೆರಗಿನಿಂದ ಒರೆಸಿದಷ್ಟೂ ಹರಡಿತು. ಆಣೆ ಮುರಿದ ಅಳುಕಿಗೆ ಅಂದಿನಿಂದ ಅವಳು ಯಾರ ಜೊತೆಗೂ ಕೂತು ರೊಟ್ಟಿ ತಿಂದಿರಲಿಲ್ಲ.

"ಅಂಥಾ ಚೀಟಿ ರದ್ದ ಮಾಡಬೇಕಿಲ್ಲೇನಲೇ?" ಎಂದರು ತಾತ್ಯಾಸಾಹೇಬರು.

"ಅಂದ್ನಿರಿ. ಹಳದಿ ಬೆರಳು ನಲವತ್ತು ಮಂದೀವು, ಯಾರದಂತ ಹೆಂಗ ಹೇಳ್ತಿ ಅಂತ ಆಫೀಸರು ನನಗ ನಕ್ಕ."

"ನಮ್ಮ ಬೆರಳೆಲ್ಲಾ ಈಗ ತೊಳದಾವಪ್ಪಾ," ಸಾಲಿನ ತುದಿಯ ಮುದುಕಿಯೊಬ್ಬಳು ಅಂದಳು. "ಬೇಕಾದ್ರ ಮೂಸಿ ನೋಡ."

ಯಾರೋ ಕಿಸಕ್ಕೆಂದರು. ದುಂಡೇಶನ ಮುಖ ಕೆಂಪಾಯಿತು. "ಮಾಯಕ್ಕನ ಮುಂದ ಸುಳ್ಳಾಡಿದಾಕಿ ಒಪ್ಪಿಕೋಬೇಕು. ಇಲ್ಲಂದ್ರ ನಾಳೆ ಯಾರಿಗೂ ಕೆಲಸಿಲ್ಲ."

ತನ್ನೊಬ್ಬಳಿಂದ ಇಷ್ಟು ಮಂದಿಯ ಒಲೆ ಆರಬೇಕೆ? ಪದ್ಮವ್ವ ಒಂದು ಹೆಜ್ಜೆ ಮುಂದಿಟ್ಟಳು.

"ಅಂಥಾ ಚೀಟಿ ಎಷ್ಟ ಇದ್ದೂವಲೇ?" ತಾತ್ಯಾಸಾಹೇಬರು ಕೇಳಿದರು.

"ಮೂರ್ರಿ."

ಮುಂದಿಟ್ಟ ಹೆಜ್ಜೆಯನ್ನು ಅವಳು ಮೆಲ್ಲಗೆ ಹಿಂದೆಳೆದುಕೊಂಡಳು.

ತಾತ್ಯಾಸಾಹೇಬರು ಸಾಲಿನ ಉದ್ದಕ್ಕೂ ನೋಡಿದರು. "ಎಲ್ಲಾರನೂ ಬಿಡಿಸಿದ್ರ ಕಬ್ಬ ನಿಮ್ಮಪ್ಪ ಕಡೀತಾನೇನ? ಪೇಡೆ ಹಂಚ."

ಪೇಡೆ ಅಂಗೈಗೆ ಬಂತು. ಪದ್ಮವ್ವ ಅದನ್ನು ತಿನ್ನದೆ, ಒಂದೊಂದೇ ಕೈ, ಒಂದೊಂದೇ ಮುಖ ನೋಡುತ್ತ ಹೋದಳು. ಉಳಿದಿಬ್ಬರು ಯಾರೆಂದು ಯಾರನ್ನೂ ಕೇಳುವಂತಿರಲಿಲ್ಲ. ಎಲ್ಲರೂ ಬಾಯಾಡಿಸುತ್ತಿದ್ದರು. ಆಚೆ ತುದಿಯಲ್ಲಿ ಒಬ್ಬಳು ಮಾತ್ರ ಪೇಡೆಯನ್ನು ತಿನ್ನದೆ ಸೆರಗಿನಲ್ಲಿ ಗಂಟು ಹಾಕಿಕೊಳ್ಳುತ್ತಿದ್ದಳು. ಮಕ್ಕಳಿಗಿರಬಹುದು.